ಆರು ತಿಂಗಳ ಸರ್ಟಿಫಿಕೇಟು, ಐದು ಸಾವಿರ ಜನ

ಹಳ್ಳಿಯ ಒಬ್ಬರ ಪಾಲಿಗೆ ತಿಂಗಳಿಗೆ 5 ರೂಪಾಯಿ. ಸರ್ಕಾರದ ಮಾನದಂಡದಂತೆ ಬಯಲು ಪ್ರದೇಶದ ಒಂದು ಆರೋಗ್ಯ ಉಪಕೇಂದ್ರಕ್ಕೆ 5,000 ಜನ. ಅಲ್ಲಿ ಕೂತು ಬಿಪಿ ನೋಡುವ, ಶುಗರ್ ಅಳೆಯುವ, ಮಾತ್ರೆ ಎಣಿಸಿ ಕೊಡುವ ಸಮುದಾಯ ಆರೋಗ್ಯ ಅಧಿಕಾರಿಗೆ ರಾಷ್ಟ್ರೀಯ ಆರೋಗ್ಯ ಅಭಿಯಾನ ಗೊತ್ತುಮಾಡಿದ ಸ್ಥಿರ ಸಂಬಳ ತಿಂಗಳಿಗೆ 25,000. ಭಾಗಿಸಿದರೆ ತಲೆಗೆ 5 ರೂಪಾಯಿ. ಕೆಲಸದ ಸಾಧನೆ ನೋಡಿ ಕೊಡುವ 15,000ದವರೆಗಿನ ಪ್ರೋತ್ಸಾಹಧನ ಪೂರ್ತಿ ಬಂದರೆ 8 ರೂಪಾಯಿ. ಬೆಂಗಳೂರಿನ ಯಾವ ದರ್ಶಿನಿಯಲ್ಲೂ ಈ ದುಡ್ಡಿಗೆ ಒಂದು ಲೋಟ ಕಾಫಿ ಬರುವುದಿಲ್ಲ.

ಕಡತಗಳಲ್ಲಿ ಈ ಹುದ್ದೆಯ ಹೆಸರು ಸಿಎಚ್‌ಒ. ಊರವರಿಗೆ ಬಹುತೇಕ ಕಡೆ ‘ಮೇಡಂ’ ಅಥವಾ ‘ಸಿಸ್ಟರ್’. ಈ ಹುದ್ದೆಗೆ ಹೋಗಲು ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿದವರು ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಒಂದನ್ನು ಮಾಡಬೇಕಿತ್ತು. ‘ಸಮುದಾಯ ಆರೋಗ್ಯ’ ಎಂಬ ಈ ಬ್ರಿಡ್ಜ್ ಕೋರ್ಸನ್ನು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ನಡೆಸಿತು, ಕೆಲವು ರಾಜ್ಯಗಳಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳೂ ನಡೆಸಿದವು. ಆಯುರ್ವೇದ ಪದವೀಧರರಿಗೂ ಬಾಗಿಲು ತೆರೆದಿತ್ತು. ದೇಶದಲ್ಲಿ ನರ್ಸಿಂಗ್ ಓದು ಮುಗಿಸಿದವರಿಗಿರುವ ಕೋರ್ಸುಗಳಲ್ಲಿ ಇಷ್ಟು ದೊಡ್ಡ ಸಂಖ್ಯೆಯ ಹುದ್ದೆಗಳಿಗೆ ನೇರ ದಾರಿ ಮಾಡಿಕೊಟ್ಟದ್ದು ಇನ್ನೊಂದಿಲ್ಲ. ಹಾಗಾಗಿ ಅದರ ಖರ್ಚು, ಆದಾಯ, ಹೊರೆ ಮೂರನ್ನೂ ಲೆಕ್ಕಕ್ಕೆ ಹಚ್ಚಿ ನೋಡುವುದು ಒಳ್ಳೆಯದು.

ಮೊದಲು ಸಂಖ್ಯೆ. 2018ರ ಫೆಬ್ರುವರಿ 1ರ ಬಜೆಟ್ ಭಾಷಣದಲ್ಲಿ ಉಪಕೇಂದ್ರಗಳೂ ಸೇರಿದಂತೆ ದೇಶದಾದ್ಯಂತ 1.5 ಲಕ್ಷ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ ಘೋಷಣೆಯಾಯಿತು. ಅದೇ ವರ್ಷ ಏಪ್ರಿಲ್ 14ರಂದು ಜಾಂಗ್ಲಾ ಎಂಬ ಊರಿನಲ್ಲಿ ಮೊದಲ ಕೇಂದ್ರ ತೆರೆಯಿತು. ಅದು ಬಿಜಾಪುರ ಜಿಲ್ಲೆಯ ಊರು. ನಮ್ಮ ವಿಜಯಪುರವಲ್ಲ, ಛತ್ತೀಸಗಡದ ಬಿಜಾಪುರ. 2022ರ ಡಿಸೆಂಬರಿಗೆ ಗುರಿ ಮುಟ್ಟಿತೆಂದು ಕೇಂದ್ರ ಹೇಳಿತು. 2023ರ ಕೊನೆಯಲ್ಲಿ ಹೆಸರು ಬದಲಾಗಿ ಇವೆಲ್ಲ ‘ಆಯುಷ್ಮಾನ್ ಆರೋಗ್ಯ ಮಂದಿರ’ಗಳಾದವು. ಬೋರ್ಡು ಬದಲಾದ ವೇಗದಲ್ಲಿ ಬೇರೆಯದೂ ಬದಲಾಗಿದ್ದರೆ ಈ ಲೇಖನಕ್ಕೆ ಕೆಲಸವಿರುತ್ತಿರಲಿಲ್ಲ.

ಆ ಬಜೆಟ್ ಭಾಷಣದಲ್ಲೇ ಯೋಜನೆಗೆ ಇಟ್ಟ ಹಣ 1,200 ಕೋಟಿ ರೂಪಾಯಿ. 1.5 ಲಕ್ಷ ಕೇಂದ್ರಗಳಿಗೆ ಹಂಚಿದರೆ ಒಂದಕ್ಕೆ 80,000. ಒಬ್ಬ ಸಿಎಚ್‌ಒಗೆ ಮೂರು ತಿಂಗಳು ಚಿಲ್ಲರೆ ದಿನಗಳ ಸಂಬಳ. ಮೊದಲ ವರ್ಷ ಎಲ್ಲ ಕೇಂದ್ರಗಳೂ ತೆರೆಯುವುದಿರಲಿಲ್ಲ, ರಾಜ್ಯಗಳೂ ಪಾಲು ಹಾಕುತ್ತವೆ. ಆದ್ದರಿಂದ ಈ ಭಾಗಾಕಾರವನ್ನು ಆರೋಪವಾಗಿ ಓದಬಾರದು. ಯೋಜನೆ ಹುಟ್ಟುವಾಗ ಕಟ್ಟಡ ಮತ್ತು ಬೋರ್ಡಿನ ಲೆಕ್ಕ ಹಾಕಿದಷ್ಟು ಗಟ್ಟಿಯಾಗಿ ಸಂಬಳದ ಲೆಕ್ಕ ಹಾಕಿರಲಿಲ್ಲ ಎಂಬ ಅನುಮಾನಕ್ಕಂತೂ ಅದು ಜಾಗ ಕೊಡುತ್ತದೆ.

ಪೂರ್ತಿ ಲೆಕ್ಕ ಹೀಗಿದೆ. 2022ರ ಮಾರ್ಚ್ ಕೊನೆಗೆ ದೇಶದ ಹಳ್ಳಿಗಾಡಿನಲ್ಲಿ 1,57,935 ಉಪಕೇಂದ್ರಗಳಿದ್ದವು. ಪ್ರತಿಯೊಂದಕ್ಕೂ ಒಬ್ಬ ಸಿಎಚ್‌ಒ ಇಟ್ಟರೆ ಸ್ಥಿರ ಸಂಬಳಕ್ಕೆ ವರ್ಷಕ್ಕೆ ಸುಮಾರು 4,738 ಕೋಟಿ, ಪ್ರೋತ್ಸಾಹಧನ ಪೂರ್ತಿ ಕೊಟ್ಟರೆ 7,581 ಕೋಟಿ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಆರೋಗ್ಯ ಸಚಿವಾಲಯಕ್ಕೆ ಇಟ್ಟದ್ದು 99,858 ಕೋಟಿ. ಇಡೀ ದೇಶದ ಹಳ್ಳಿಗಾಡಿನಲ್ಲಿ ಉಪಕೇಂದ್ರಕ್ಕೊಬ್ಬ ಮಧ್ಯಮ ಹಂತದ ಆರೋಗ್ಯ ಕಾರ್ಯಕರ್ತರನ್ನು ಕೂರಿಸುವ ಪೂರ್ತಿ ಸಂಬಳ ಅದರ ನೂರಕ್ಕೆ ಏಳೂವರೆ ಭಾಗ. ಅದೂ ಕೇಂದ್ರವೊಂದೇ ಹೊರುವುದಿಲ್ಲ; ನಮ್ಮಂಥ ರಾಜ್ಯಗಳಲ್ಲಿ 60:40ರ ಹಂಚಿಕೆ.

ಕರ್ನಾಟಕಕ್ಕೆ ಇದೇ ಅಳತೆ ಹಿಡಿಯೋಣ. 2011ರ ಜನಗಣತಿಯಲ್ಲಿ ನಮ್ಮ ಗ್ರಾಮೀಣ ಜನಸಂಖ್ಯೆ 3.74 ಕೋಟಿ. ಐದು ಸಾವಿರಕ್ಕೊಬ್ಬರಂತೆ ಸುಮಾರು 7,500 ಜನ ಬೇಕು. ಮಲೆನಾಡಿನ ಗುಡ್ಡಗಾಡಿಗೆ, ಬುಡಕಟ್ಟು ಪ್ರದೇಶಕ್ಕೆ ಮಾನದಂಡ 3,000 ಜನಕ್ಕೊಂದು ಕೇಂದ್ರ. ಅದನ್ನು ಸೇರಿಸಿದರೆ ಸಂಖ್ಯೆ ಇನ್ನೂ ಏರುತ್ತದೆ. ಕನಿಷ್ಠದ್ದನ್ನೇ ಹಿಡಿದರೂ ಸ್ಥಿರ ಸಂಬಳ 225 ಕೋಟಿ, ಪ್ರೋತ್ಸಾಹಧನ ಸೇರಿ 360 ಕೋಟಿ. ಮಧ್ಯದಲ್ಲಿರುವ 135 ಕೋಟಿ ಬಂದರೂ ಬರಬಹುದು, ಬರದಿದ್ದರೂ ಇಲ್ಲ. ಆ ಹಣದ ಮಾತು ಮುಂದೆ ಬರುತ್ತದೆ.

ಇನ್ನು ಹೊರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019ರಿಂದ 2021ರವರೆಗೆ ನಡೆಯಿತು. ಅದರಂತೆ 15 ದಾಟಿದ ಹೆಂಗಸರಲ್ಲಿ ನೂರಕ್ಕೆ 21.3, ಗಂಡಸರಲ್ಲಿ 24 ಮಂದಿಗೆ ಬಿಪಿ ಹೆಚ್ಚಿದೆ ಅಥವಾ ಅವರು ಮಾತ್ರೆ ನುಂಗುತ್ತಿದ್ದಾರೆ. ರಕ್ತದ ಸಕ್ಕರೆಗೆ ಈ ಅಂಕಿ 13.5 ಮತ್ತು 15.6. ಇದು ಪಟ್ಟಣ, ಹಳ್ಳಿ ಎರಡೂ ಕೂಡಿದ ದೇಶದ ಸರಾಸರಿ. ಹಳ್ಳಿಯದು ತುಸು ಕಡಿಮೆ. ಅದೇ ಸಮೀಕ್ಷೆಯ ಪ್ರಕಾರ ಜನಸಂಖ್ಯೆಯಲ್ಲಿ ಹದಿನೈದರೊಳಗಿನವರು ನೂರಕ್ಕೆ 26.5.

5,000 ಜನರ ಊರುಗಳ ಗುಂಪಿನಲ್ಲಿ 15 ದಾಟಿದವರು 3,675. ಬಿಪಿಯವರು ಸುಮಾರು 830, ಶುಗರ್‌ನವರು ಸುಮಾರು 535. ಎರಡೂ ಇರುವವರು ಎರಡೂ ಪಟ್ಟಿಯಲ್ಲಿ ಬರುತ್ತಾರೆ, ಆದ್ದರಿಂದ ಕೂಡಿಸುವಂತಿಲ್ಲ. ಬಿಪಿಯವರನ್ನಷ್ಟೇ ಹಿಡಿಯೋಣ. ತಿಂಗಳಿಗೊಮ್ಮೆ ಬಂದು ತೋರಿಸಿ ಮಾತ್ರೆ ಒಯ್ಯಬೇಕು ಎಂದರೆ, 25 ಕೆಲಸದ ದಿನಕ್ಕೆ ಹಂಚಿದಾಗ ದಿನಕ್ಕೆ 33 ಜನ. ಒಬ್ಬರಿಗೆ ಐದು ನಿಮಿಷ ಕೊಟ್ಟರೆ 2 ಗಂಟೆ 45 ನಿಮಿಷ. ಐದು ನಿಮಿಷದಲ್ಲಿ ಕುರ್ಚಿಯಲ್ಲಿ ಕೂರಿಸಬೇಕು, ಸುಧಾರಿಸಿಕೊಳ್ಳಲು ಬಿಡಬೇಕು, ಪಟ್ಟಿ ಸುತ್ತಿ ಅಳೆಯಬೇಕು, ಸರ್ಕಾರದ ಪೋರ್ಟಲ್ಲಿಗೆ ಏರಿಸಬೇಕು, ‘ಉಪ್ಪಿನಕಾಯಿ ಬಿಟ್ಟಿದ್ದೀರಾ’ ಎಂದು ಕೇಳಬೇಕು. ಬಿಪಿ ಸರಿಯಾಗಿ ಅಳೆಯಲು ರೋಗಿ ಐದು ನಿಮಿಷ ಸುಮ್ಮನೆ ಕೂತಿರಬೇಕೆಂದು ಪಠ್ಯವೇ ಹೇಳುತ್ತದೆ. ಆ ಐದು ನಿಮಿಷ ಬೆಂಚಿನ ಲೆಕ್ಕಕ್ಕೆ ಹೋಗಲಿ.

ಮಾತ್ರೆಯ ಪ್ರಮಾಣ ಇನ್ನೂ ಕುತೂಹಲದ್ದು. ಬಿಪಿಗೆ ದಿನಕ್ಕೊಂದೇ ಮಾತ್ರೆ ಎಂದುಕೊಂಡರೂ 830 ಜನಕ್ಕೆ ತಿಂಗಳಿಗೆ ಸುಮಾರು 25,000. ಶುಗರ್‌ಗೆ ದಿನಕ್ಕೆರಡು ಹಿಡಿದರೆ 32,000. ಒಟ್ಟು 57,000 ಮಾತ್ರೆ. ಹತ್ತರ ಸ್ಟ್ರಿಪ್ಪಿನಲ್ಲಿ 5,700 ಸ್ಟ್ರಿಪ್, ದಿನಕ್ಕೆ 228. ಎಲ್ಲ ರೋಗಿಗಳೂ ಉಪಕೇಂದ್ರಕ್ಕೇ ಬಂದರೆ ಎಂಬ ಲೆಕ್ಕವಿದು. ವಾಸ್ತವದಲ್ಲಿ ಬಹಳ ಜನಕ್ಕೆ ತಮಗೆ ಬಿಪಿ ಇರುವುದೇ ಗೊತ್ತಿಲ್ಲ, ಗೊತ್ತಿರುವವರಲ್ಲಿ ಹಲವರು ತಾಲ್ಲೂಕಿನ ಖಾಸಗಿ ಡಾಕ್ಟರ ಬಳಿ ಹೋಗುತ್ತಾರೆ. ಉಪಕೇಂದ್ರದಲ್ಲಿ ಈ ಸ್ಟ್ರಿಪ್ಪುಗಳನ್ನು ಎಣಿಸಲು ಫಾರ್ಮಸಿಸ್ಟ್ ಇಲ್ಲ. ಬಿಪಿ, ಶುಗರ್‌ಗೆ ಚಿಕಿತ್ಸೆ ಶುರುಮಾಡುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು. ಅದನ್ನು ತಿಂಗಳು ತಿಂಗಳು ಮುಂದುವರಿಸಿ ಮಾತ್ರೆ ಕೊಡುವುದು ಸಿಎಚ್‌ಒ ಕೆಲಸ. ಉಪಕೇಂದ್ರದ ಪಟ್ಟಿಯಲ್ಲಿ ಇಂಥ 105 ಔಷಧಗಳು, 14 ಪರೀಕ್ಷೆಗಳು ಇರಬೇಕೆಂಬುದು ಮಾರ್ಗಸೂಚಿ.

ಇಷ್ಟು ಎರಡು ಕಾಯಿಲೆಯ ಕಥೆ. ಕೇಂದ್ರ ಕೊಡಬೇಕಾದ ಸೇವೆಗಳು 12 ಗುಂಪು. ಬಸಿರು-ಬಾಣಂತನ, ಶಿಶು, ಮಕ್ಕಳು, ಕುಟುಂಬ ಯೋಜನೆ, ಸಾಂಕ್ರಾಮಿಕ ರೋಗ, ನೆಗಡಿ-ಜ್ವರದಂಥ ಸಣ್ಣ ಕಾಯಿಲೆ, ಬಿಪಿ-ಶುಗರ್-ಕ್ಯಾನ್ಸರ್ ಗುಂಪು, ಕಣ್ಣು-ಕಿವಿ-ಮೂಗು, ಬಾಯಿ-ಹಲ್ಲು, ಮುದುಕರ ಮತ್ತು ಉಪಶಾಮಕ ಆರೈಕೆ, ತುರ್ತು ಚಿಕಿತ್ಸೆ, ಮಾನಸಿಕ ಆರೋಗ್ಯ. ಯೋಜನೆಯ ಅಂದಾಜಿನಂತೆ ಜನಸಂಖ್ಯೆಯಲ್ಲಿ 30 ದಾಟಿದವರು ನೂರಕ್ಕೆ 37, ಅಂದರೆ 1,850 ಜನ. ಇವರನ್ನೆಲ್ಲ ವರ್ಷಕ್ಕೊಮ್ಮೆ ತಪಾಸಣೆ ಮಾಡಲು 300 ದಿನಕ್ಕೆ ಹಂಚಿದರೆ ದಿನಕ್ಕೆ ಆರು ಜನ. ದೇಶದ ಜನನ ಪ್ರಮಾಣ 2020ರಲ್ಲಿ ಸಾವಿರಕ್ಕೆ 19.5, ಆ ಲೆಕ್ಕದಲ್ಲಿ ವರ್ಷಕ್ಕೆ 97 ಹೆರಿಗೆ. ಒಬ್ಬರೇ ಮಾಡಬೇಕಿಲ್ಲ ನಿಜ. ಜೊತೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಇರುತ್ತಾರೆ, ಸಾವಿರ ಜನಕ್ಕೊಬ್ಬರಂತೆ ಐದು ಆಶಾ ಕಾರ್ಯಕರ್ತೆಯರು ಇರುತ್ತಾರೆ. ಕಾಗದದ ಮೇಲೆ ತಂಡ ಚೆನ್ನಾಗಿದೆ. ತಂಡದಲ್ಲಿ ಒಬ್ಬರು ರಜೆ ಹಾಕಿದಾಗ ಅವರ ರಿಜಿಸ್ಟರ್ ಯಾರ ಕೈಗೆ ಬರುತ್ತದೆ ಎಂಬುದನ್ನು ಉಪಕೇಂದ್ರದಲ್ಲಿ ಕೆಲಸ ಮಾಡಿದ ಯಾರೇ ಆದರೂ ಹೇಳುತ್ತಾರೆ.

ಈಗ ಕೋರ್ಸಿನ ಅವಧಿಯನ್ನು ಇದರ ಪಕ್ಕ ಇಟ್ಟು ನೋಡಿ. ಆರು ತಿಂಗಳೆಂದರೆ 26 ವಾರ. 12 ಗುಂಪಿಗೆ ಸಮನಾಗಿ ಹಂಚಿದರೆ ತಲಾ ಎರಡು ವಾರ ಚಿಲ್ಲರೆ. ಕೋರ್ಸು ಹಾಗೆ ಸಮನಾಗಿ ಹಂಚುವುದಿಲ್ಲ, ಬರುವವರು ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿಎಸ್ಸಿ ಓದಿದವರೇ. ಆದರೂ ಹೋಲಿಕೆ ಮಾಡಿ ನೋಡಬಹುದು: ಮಾನಸಿಕ ಆರೋಗ್ಯವೊಂದರಲ್ಲೇ ಪರಿಣತಿ ಬೇಕೆಂದರೆ ನರ್ಸಿಂಗ್ ಕೌನ್ಸಿಲ್ ಮಾನ್ಯ ಮಾಡಿದ ಡಿಪ್ಲೊಮಾಕ್ಕೆ ಒಂದು ವರ್ಷ, ನಮ್ಮ ನಿಮ್ಹಾನ್ಸ್‌ನಲ್ಲಿ ಈ ಡಿಪ್ಲೊಮಾ ದಶಕಗಳಿಂದ ನಡೆದಿದೆ. ಹೆರಿಗೆಯಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವ ಮಿಡ್‌ವೈಫ್ ಪ್ರಾಕ್ಟಿಷನರ್ ಆಗಬೇಕೆಂದರೆ 18 ತಿಂಗಳು. ಇವೆರಡರ ಜೊತೆಗೆ ಉಳಿದ ಹತ್ತು ಗುಂಪನ್ನೂ ಆರು ತಿಂಗಳಲ್ಲಿ ಕಟ್ಟಿಕೊಡುತ್ತೇವೆ ಎನ್ನುವುದು ಧೈರ್ಯದ ಮಾತು. ಹೆಚ್ಚು ಆಳ ಬೇಕಿಲ್ಲ, ಗುರುತಿಸಿ ಮುಂದಕ್ಕೆ ಕಳಿಸಿದರೆ ಸಾಕು ಎಂಬುದು ಯೋಜನೆ ಕೊಡುವ ಉತ್ತರ. ಬಿಪಿ, ಶುಗರ್‌ಗೆ ಆ ಉತ್ತರ ಒಪ್ಪುತ್ತದೆ. ಖಿನ್ನತೆಗೆ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅಲ್ಲಿ ಗುರುತಿಸುವುದೇ ಚಿಕಿತ್ಸೆಯ ಅರ್ಧ ಭಾಗ.

ಆಳ ಕಡಿಮೆಯೆಂದು ಕೋರ್ಸನ್ನೇ ತಳ್ಳಿಹಾಕುವುದೂ ತಪ್ಪು. ಡಾಕ್ಟರಲ್ಲದವರ ಕೈಗೆ ಚಿಕಿತ್ಸೆ ಕೊಡುವ ವಿಷಯ ನಮ್ಮಲ್ಲಿ ಹಳೆಯ ಜಗಳ. ಹಿಂದೆ ಪೂರ್ತಿ ವೈದ್ಯಕೀಯ ಪದವಿ ಇಲ್ಲದೆ ಲೈಸೆನ್ಸ್ ಪಡೆದ ಎಲ್‌ಎಂಪಿ ಡಾಕ್ಟರುಗಳಿದ್ದರು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ 1946ರ ಭೋರ್ ಸಮಿತಿಯ ಬಹುಮತ ಆ ಪದ್ಧತಿ ಮುಗಿಯಲೆಂದಿತು, ಆಮೇಲೆ ಮುಗಿಯಿತು. ಛತ್ತೀಸಗಡ 2001ರಲ್ಲಿ ಹಳ್ಳಿ ಚಿಕಿತ್ಸೆಗೆಂದೇ ಮೂರು ವರ್ಷದ ಕೋರ್ಸ್ ತೆಗೆಯಿತು. ಅಸ್ಸಾಂ 2004ರಲ್ಲಿ ಇಂಥದ್ದೇ ಡಿಪ್ಲೊಮಾಕ್ಕೆ ಕಾನೂನು ಮಾಡಿತು. 2014ರಲ್ಲಿ ಗುವಾಹಟಿ ಹೈಕೋರ್ಟ್ ಅದನ್ನು ರದ್ದುಮಾಡಿತು, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮು ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಸೀಮಿತ ಲೈಸೆನ್ಸ್ ಕೊಡಬಹುದೆಂದಿತು, ಅವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೇ ಒಂದು ಭಾಗ ಮೀರಬಾರದೆಂದಿತು. ವೈದ್ಯರು ಮುಷ್ಕರ ಹೂಡಿದರು. ಈ ಎಲ್ಲ ಗಲಾಟೆಯ ನಡುವೆ ನರ್ಸುಗಳ ಆರು ತಿಂಗಳ ಕೋರ್ಸು ಸದ್ದಿಲ್ಲದೆ ಒಳಬಂದದ್ದಕ್ಕೆ ಒಂದೇ ಕಾರಣ: ಅದು ಯಾರಿಗೂ ಲೈಸೆನ್ಸ್ ಕೊಡಲಿಲ್ಲ. ಹುದ್ದೆ ಕೊಟ್ಟಿತು, ಅಷ್ಟೆ.

ಆ ಸರ್ಟಿಫಿಕೇಟಿನ ಬೆಲೆ ಎಷ್ಟು ಎಂಬ ಪ್ರಶ್ನೆಯ ಬುಡ ಇರುವುದು ಇಲ್ಲೇ. ಹೋಲಿಕೆಗೆ ಅಮೆರಿಕ ನೋಡಿ: ಅಲ್ಲಿನ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ನರ್ಸ್ ಪ್ರಾಕ್ಟಿಷನರ್ ತರಬೇತಿ ಶುರುಮಾಡಿದರು. ಇಂದು ಅಲ್ಲಿ ನರ್ಸಿಂಗಿನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದವರು ಇನ್ನೊಂದು ಸರ್ಟಿಫಿಕೇಟ್ ಮಾಡಿ ಈ ವೃತ್ತಿಗೆ ಬರಬಹುದು. 2022ರ ರಾಷ್ಟ್ರೀಯ ಮಾನದಂಡ ಕನಿಷ್ಠ 750 ಗಂಟೆ ರೋಗಿಯ ಎದುರಿನ ಕಲಿಕೆ ಕೇಳುತ್ತದೆ. ಹಿಂದೆ 500 ಇತ್ತು. ಮುಗಿಸಿದವರಿಗೆ ರಾಜ್ಯದ ಲೈಸೆನ್ಸ್, ಔಷಧ ಬರೆಯುವ ಅಧಿಕಾರ. 2024ರಲ್ಲಿ ಸಾಮಾನ್ಯ ನರ್ಸಿನ ಮಧ್ಯಾಂಕ ಆದಾಯ ವರ್ಷಕ್ಕೆ 93,600 ಡಾಲರ್, ನರ್ಸ್ ಪ್ರಾಕ್ಟಿಷನರ್‌ದು 1,29,210. ನೂರಕ್ಕೆ 38ರಷ್ಟು ಹೆಚ್ಚು. ಒಂದು ಆಸ್ಪತ್ರೆ ಬಿಟ್ಟರೆ ಇನ್ನೊಂದರಲ್ಲಿ ಆ ಕಾಗದ ಹಾಗೇ ನಡೆಯುತ್ತದೆ. ನಮ್ಮ ಕಾಗದ ಒಂದೇ ಇಲಾಖೆಯ ಒಂದೇ ಹುದ್ದೆಯ ಬಾಗಿಲನ್ನು ತೆರೆಯುತ್ತದೆ. ಆ ಹುದ್ದೆಯೂ ಗುತ್ತಿಗೆಯದು.

ಕೋರ್ಸ್ ಮಾಡುವ ನರ್ಸಿನ ಕಡೆಯಿಂದ ಲೆಕ್ಕ ಬರೆಯೋಣ. ಆಯ್ಕೆಯಾದವರ ಶುಲ್ಕವನ್ನು ಆರೋಗ್ಯ ಅಭಿಯಾನವೇ ಭರಿಸುತ್ತಿತ್ತು, ಹಾಗಾಗಿ ಜೇಬಿನಿಂದ ಹೋಗುವುದು ಮುಖ್ಯವಾಗಿ ಆರು ತಿಂಗಳ ಸಂಬಳ. ಎಷ್ಟು ಸಂಬಳ? ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ನೇಮಿಸಿದ ಸಮಿತಿ 2016ರಲ್ಲಿ ಹೇಳಿದಂತೆ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ 20,000ಕ್ಕಿಂತ ಕಡಿಮೆ ಕೊಡಬಾರದು. ಹಲವು ಕಡೆ ಅಷ್ಟೂ ಕೊಡುವುದಿಲ್ಲ. ಆದರೂ ಅದನ್ನೇ ಹಿಡಿದರೆ ಆರು ತಿಂಗಳಿಗೆ 1.2 ಲಕ್ಷ ಕೈಬಿಟ್ಟು ಕೋರ್ಸಿಗೆ ಕೂತಂತಾಯಿತು. ಕೆಲವೆಡೆ ತರಬೇತಿಯ ಕಾಲಕ್ಕೆ ಕೊಟ್ಟ ಶಿಷ್ಯವೇತನವನ್ನು ಇದರಲ್ಲಿ ಕಳೆಯಬೇಕು.

ಈ 1.2 ಲಕ್ಷ ವಾಪಸು ಬರುವುದು ಯಾವಾಗ? ಸಿಎಚ್‌ಒ ಆದಮೇಲೆ ಸ್ಥಿರ ಸಂಬಳ 25,000 ಮಾತ್ರ ಕೈಗೆ ಸಿಕ್ಕರೆ ತಿಂಗಳಿಗೆ ಹೆಚ್ಚಾದದ್ದು 5,000. ಕಳೆದದ್ದನ್ನು ತುಂಬಿಕೊಳ್ಳಲು 24 ತಿಂಗಳು. ಪ್ರೋತ್ಸಾಹಧನ ಪೂರ್ತಿ ಬಂದು 40,000 ಆದರೆ ಹೆಚ್ಚಾದದ್ದು 20,000, ಆರೇ ತಿಂಗಳಲ್ಲಿ ಲೆಕ್ಕ ಚುಕ್ತಾ. ಕೋರ್ಸು ಲಾಭದ್ದೋ ಅಲ್ಲವೋ ಎಂಬುದು ಹೀಗೆ ಕೋರ್ಸಿನ ಮೇಲೆ ನಿಂತಿಲ್ಲ, ಆ 15,000 ಎಷ್ಟು ಬಂತು, ಯಾವ ತಿಂಗಳಲ್ಲಿ ಬಂತು ಎಂಬುದರ ಮೇಲೆ ನಿಂತಿದೆ. ಹೊರರೋಗಿಗಳ ಸಂಖ್ಯೆ, ತಪಾಸಣೆಯ ಸಂಖ್ಯೆ, ಪೋರ್ಟಲ್ಲಿಗೆ ಏರಿಸಿದ ದಾಖಲೆ ಮುಂತಾದ ಸೂಚ್ಯಂಕ ನೋಡಿ ಕೊಡುವ ಹಣ ಅದು. ನೆಟ್‌ವರ್ಕ್ ಇಲ್ಲದ ಘಟ್ಟದ ಊರಿನಲ್ಲಿ ಕೆಲಸ ಮುಗಿದರೂ ಸೂಚ್ಯಂಕ ಮುಗಿಯುವುದಿಲ್ಲ. ಮೂರು ಸಾವಿರ ಜನರ ಕೇಂದ್ರಕ್ಕೂ ಐದು ಸಾವಿರದ ಕೇಂದ್ರಕ್ಕೂ ಒಂದೇ ಬಗೆಯ ಗುರಿ ಇಟ್ಟರೆ ಗುಡ್ಡದ ಮೇಲಿನವರು ಮೊದಲ ದಿನವೇ ಹಿಂದೆ ಬೀಳುತ್ತಾರೆ.

ಇನ್ನೊಂದು ಹೋಲಿಕೆ ಕಹಿಯಾದದ್ದು. ಕೇಂದ್ರ ಸರ್ಕಾರದ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿಯ ಆರಂಭದ ಮೂಲವೇತನ 44,900. ಅದೇ ಜಿಎನ್‌ಎಂ ಅಥವಾ ಬಿಎಸ್ಸಿ, ಮೇಲೆ ಯಾವ ಸರ್ಟಿಫಿಕೇಟೂ ಬೇಡ. ಒಂದು ವಾರ್ಡಿನಲ್ಲಿ, ಪಕ್ಕದಲ್ಲೇ ಡಾಕ್ಟರು ಇರುವ ಜಾಗದಲ್ಲಿ ಕೆಲಸ. ಹೆಚ್ಚು ಓದಿ, ಒಬ್ಬರೇ ಕೂತು, ಐದು ಸಾವಿರ ಜನರ ಹೊಣೆ ಹೊತ್ತವರ ಸ್ಥಿರ ಸಂಬಳ ಅದರ ನೂರಕ್ಕೆ 56. ವಿದೇಶದ ಮಾತೇ ಬೇರೆ: ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 2024-25ರಲ್ಲಿ ಹೊಸ ನರ್ಸಿನ ವರ್ಷದ ಸಂಬಳ 29,970 ಪೌಂಡ್. ಪೌಂಡಿಗೆ 105 ರೂಪಾಯಿ ಹಿಡಿದರೂ 31 ಲಕ್ಷ ದಾಟುತ್ತದೆ. ಅಲ್ಲಿನ ಬಾಡಿಗೆ, ತೆರಿಗೆ ಕಳೆದರೂ ಊರಿಗೆ ಕಳಿಸಲು ಉಳಿಯುತ್ತದೆ. ಅಲ್ಲಿಗೆ ಹೋಗಲು ನಮ್ಮ ಆರು ತಿಂಗಳ ಸರ್ಟಿಫಿಕೇಟ್ ಯಾವ ನೆರವಿಗೂ ಬಾರದು. ಇಂಗ್ಲಿಷ್ ಪರೀಕ್ಷೆಗೆ ಕೂತ ಆರು ತಿಂಗಳು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಿಂದ ಹೊರಬರುವವರು ಈ ಲೆಕ್ಕವನ್ನು ಎಂದೋ ಮಾಡಿ ಮುಗಿಸಿದ್ದಾರೆ.

ನರ್ಸುಗಳ ಕೊರತೆಯಿಂದ ಹುದ್ದೆ ಖಾಲಿ ಉಳಿಯುತ್ತದೆ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಅಂಕಿಯಂತೆ ದೇಶದಲ್ಲಿ ನೋಂದಾಯಿತ ನರ್ಸಿಂಗ್ ಸಿಬ್ಬಂದಿ 33 ಲಕ್ಷಕ್ಕೂ ಹೆಚ್ಚು. ಎಲ್ಲ ಉಪಕೇಂದ್ರಗಳಿಗೂ ಬೇಕಾದವರು ಅದರ ನೂರಕ್ಕೆ ಐದಕ್ಕಿಂತ ಕಡಿಮೆ. 2023ರಲ್ಲಿ ಕೇಂದ್ರ ಸಂಪುಟ 1,570 ಕೋಟಿ ವೆಚ್ಚದಲ್ಲಿ 157 ಹೊಸ ನರ್ಸಿಂಗ್ ಕಾಲೇಜುಗಳಿಗೆ ಒಪ್ಪಿಗೆ ಕೊಟ್ಟಿತು. ಕಾಲೇಜಿಗೆ 10 ಕೋಟಿ, ವರ್ಷಕ್ಕೆ 15,700 ಪದವೀಧರರು. ಅವರೆಲ್ಲ ಒಬ್ಬರೂ ಬಿಡದೆ ಉಪಕೇಂದ್ರಕ್ಕೇ ಹೋದರೂ 1,57,935 ಕುರ್ಚಿ ತುಂಬಲು ಹತ್ತು ವರ್ಷ. ಕಾಲೇಜು ಕಟ್ಟುವುದು ಬೇಡವೆಂದಲ್ಲ. ಓದಿದವರು ಈಗಾಗಲೇ ಇದ್ದಾರೆ, ಕುರ್ಚಿಯಲ್ಲಿ ಕೂರಲು ಒಪ್ಪುತ್ತಿಲ್ಲ. ಒಪ್ಪಿ ಕೂತವರು ಕಾಯಂ ಕೆಲಸ ಸಿಕ್ಕಿದ ಕೂಡಲೇ ಏಳುತ್ತಾರೆ. ಪ್ರತಿ ಸಲ ಒಬ್ಬರು ಎದ್ದಾಗ ಆ ಊರಿನ 830 ಬಿಪಿ ಚೀಟಿಗಳ ಹಿಂದಿನ ಮುಖ ಪರಿಚಯವೂ ಎದ್ದು ಹೋಗುತ್ತದೆ. ಅದಕ್ಕೆ ಬಜೆಟ್ಟಿನಲ್ಲಿ ಶೀರ್ಷಿಕೆ ಇಲ್ಲ.

ಒಂದು ಸುಧಾರಣೆ ಆಗಿದೆ, ಹೇಳಬೇಕು. ಭಾರತೀಯ ನರ್ಸಿಂಗ್ ಕೌನ್ಸಿಲ್ ಈ ಬ್ರಿಡ್ಜ್ ಕೋರ್ಸಿನ ಪಾಠವನ್ನು ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮದ ಒಳಗೇ ಸೇರಿಸಿತು. ಹೊಸ ಪಠ್ಯದಲ್ಲಿ ಓದಿ ಬಂದವರು ಪ್ರತ್ಯೇಕವಾಗಿ ಆರು ತಿಂಗಳು ಕೂರಬೇಕಿಲ್ಲ. ನಮ್ಮ ಲೆಕ್ಕದ 7,500 ಜನರೂ ಹಾಗೆ ಬಂದರೆ ತಲಾ 1.2 ಲಕ್ಷದಂತೆ ನರ್ಸುಗಳ ಜೇಬಿನಲ್ಲಿ ಉಳಿಯುವುದು 90 ಕೋಟಿ. ನಾಲ್ಕು ವರ್ಷದ ತುಂಬಿದ ಪಠ್ಯದೊಳಗೆ ಇನ್ನೊಂದು ಪಾಠ ತುರುಕಿದಾಗ ಅದು ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬ ಅಳುಕು ನನಗಿದೆ. ಜಿಲ್ಲಾ ಆಸ್ಪತ್ರೆಯಲ್ಲಿ, ಪ್ರಾಥಮಿಕ ಕೇಂದ್ರದಲ್ಲಿ, ಹಳ್ಳಿಯಲ್ಲಿ ಓಡಾಡಿ ಕಲಿತ ಆರು ತಿಂಗಳಿಗೂ ಸೆಮಿಸ್ಟರ್ ಪರೀಕ್ಷೆಯ ಒಂದು ಪತ್ರಿಕೆಗೂ ವ್ಯತ್ಯಾಸ ಇದ್ದೇ ಇದೆ.

ಕಡೆಗೆ, ಕಾಯಂ ಮಾಡಿದರೆ ಎಷ್ಟಾಗುತ್ತದೆ? ಗುತ್ತಿಗೆ ನೌಕರರು ಕೇಳುತ್ತ ಬಂದದ್ದು ಇದನ್ನೇ. ಕೇಂದ್ರದ 44,900ರ ಮೂಲವೇತನಕ್ಕೆ 2025ರ ಜನವರಿಯ ನೂರಕ್ಕೆ 55ರ ತುಟ್ಟಿಭತ್ಯೆ ಸೇರಿಸಿದರೆ ತಿಂಗಳಿಗೆ 69,595, ವರ್ಷಕ್ಕೆ 8.35 ಲಕ್ಷ. ಮನೆ ಬಾಡಿಗೆ, ಪಿಂಚಣಿ ಇದರಲ್ಲಿಲ್ಲ, ರಾಜ್ಯದ ಸ್ಕೇಲೂ ಬೇರೆ. ಮೇಲ್ಮಟ್ಟದ ಅಂದಾಜಿಗೆ ಇದು ಸಾಕು. 5,000 ಜನರಿಗೆ ಹಂಚಿದರೆ ತಲೆಗೆ ವರ್ಷಕ್ಕೆ 167 ರೂಪಾಯಿ, ಈಗ ಪ್ರೋತ್ಸಾಹಧನ ಪೂರ್ತಿ ಕೊಟ್ಟರೆ ಆಗುವ 96ರ ಬದಲು. ಕರ್ನಾಟಕದ 7,500 ಹುದ್ದೆಗೆ ಒಟ್ಟು 626 ಕೋಟಿ. 360 ಕೋಟಿ ಕಳೆದರೆ ಹೆಚ್ಚುವರಿ 266 ಕೋಟಿ. ಕೇಂದ್ರ ಒಪ್ಪಿ 60:40ರಲ್ಲೇ ಹಂಚಿಕೊಂಡರೆ ರಾಜ್ಯದ ಪಾಲಿಗೆ ಬೀಳುವುದು ವರ್ಷಕ್ಕೆ 106 ಕೋಟಿ, ಒಪ್ಪದಿದ್ದರೆ ಪೂರ್ತಿ 266.